ಪಾಠಶಾಲೆಯಿಂದ ಚುನಾವಣಾ ಕಣಕ್ಕೆ: ಅಮೆರಿಕದ ಶಿಕ್ಷಕರಿಂದ ನಾವು ಕಲಿಯಬೇಕಾದ ಪಾಠ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಯಲ್ಲಿ ನಾಲ್ಕಾರು ತಿಂಗಳು ಇದ್ದು ಬಂದ ನಮ್ಮ ಹಿರಿಯರು ಅಲ್ಲಿ ಕಂಡ ಸಂಗತಿಗಳನ್ನು ಹೇಳುವಾಗ ಒಂದು ಮಾತನ್ನು ಬೆರಗಿನಿಂದ ನೆನೆಯುವುದುಂಟು. ಎಲೆಯುದುರುವ ಅಕ್ಟೋಬರ್ ತಿಂಗಳಲ್ಲಿ ಮನೆಗಳ ಮುಂದಿನ ಹುಲ್ಲುಹಾಸಿನ ಮೇಲೆ ಪುಟ್ಟ ಪುಟ್ಟ ಚುನಾವಣಾ ಫಲಕಗಳು ಕಾಣಿಸಿಕೊಳ್ಳುತ್ತವೆ. ಅಧ್ಯಕ್ಷರ ಹೆಸರು, ಸೆನೆಟರ್ ಅಭ್ಯರ್ಥಿಯ ಹೆಸರು ಇರುವುದು ಸಹಜ. ಆದರೆ ಅವುಗಳ ನಡುವೆ ಊರಿನವರಿಗಷ್ಟೇ ಗೊತ್ತಿರುವ ಒಂದು ಹೆಸರು, ಅದರ ಕೆಳಗೆ ‘ಸ್ಕೂಲ್ ಬೋರ್ಡ್’ ಎಂಬ ಎರಡು ಪದಗಳು. ವಿಚಾರಿಸಿದರೆ, ಆ ಅಭ್ಯರ್ಥಿ ಹತ್ತಿರದ ಊರಿನ ನಿವೃತ್ತ ಶಿಕ್ಷಕಿಯೋ ಮುಖ್ಯೋಪಾಧ್ಯಾಯರೋ ಆಗಿರುವುದು ಅಪರೂಪವಲ್ಲ.

ಶಾಲೆ ನಡೆಸುವುದಕ್ಕೂ ಚುನಾವಣೆಯೇ ಎಂಬ ಪ್ರಶ್ನೆ ನಮಗೆ ಸಹಜ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಆಯುಷ್ಯವನ್ನೆಲ್ಲ ಮಕ್ಕಳಿಗೆ ಪಾಠ ಹೇಳುವುದರಲ್ಲಿ ಕಳೆದವರು ಮತ ಯಾಚಿಸಲು ಏಕೆ ಹೊರಡುತ್ತಾರೆ, ಗೆದ್ದ ಮೇಲೆ ಅವರಿಂದ ಏನು ಸಾಧ್ಯವಾಗುತ್ತದೆ, ಏನು ಸಾಧ್ಯವಾಗುವುದಿಲ್ಲ? ಹೊರನಾಡಿನಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಮ್ಮಂಥವರಿಗೆ ಈ ಪ್ರಶ್ನೆ ದೂರದೇಶದ ಕುತೂಹಲ ಮಾತ್ರವಲ್ಲ. ಆದ್ದರಿಂದ ಈ ವಿಷಯವನ್ನು ಓದುಗ ಬಂಧುಗಳ ಮುಂದೆ ತುಸು ವಿವರವಾಗಿ ಇಡಬಯಸುತ್ತೇವೆ.

ಶಾಲಾ ಮಂಡಳಿ ಎಂದರೇನು?

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಒಕ್ಕೂಟ ಸರ್ಕಾರಕ್ಕೆ ಕೊಡದೆ ಉಳಿದ ಅಧಿಕಾರಗಳೆಲ್ಲ ರಾಜ್ಯಗಳಿಗೂ ಜನತೆಗೂ ಸೇರಿದವು ಎಂಬ ತತ್ವದಂತೆ ಶಿಕ್ಷಣ ರಾಜ್ಯಗಳ ಹೊಣೆಯಾಯಿತು. ರಾಜ್ಯಗಳು ಅದರ ಬಹುಭಾಗವನ್ನು ಊರುಗಳಿಗೆ ವಹಿಸಿಕೊಟ್ಟವು. ಹೀಗೆ ಹುಟ್ಟಿಕೊಂಡ ‘ಶಾಲಾ ಜಿಲ್ಲೆ’ಗಳು ಇಂದು ಆ ದೇಶದಲ್ಲಿ ಸುಮಾರು 13 ಸಾವಿರ ಇವೆ. ಹವಾಯಿಯಲ್ಲಿ ಇಡೀ ರಾಜ್ಯವೇ ಒಂದು ಶಾಲಾ ಜಿಲ್ಲೆ. ಬೇರೆಡೆ ಎರಡು ಮೂರು ಶಾಲೆಗಳ ಪುಟ್ಟ ಜಿಲ್ಲೆಗಳೂ ಉಂಟು. ನಮ್ಮ ಕಂದಾಯ ಜಿಲ್ಲೆಗಳಿಗೂ ಇವುಗಳಿಗೂ ಸಂಬಂಧವಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಪ್ರತಿಯೊಂದು ಶಾಲಾ ಜಿಲ್ಲೆಗೂ ಒಂದು ಮಂಡಳಿ ಇರುತ್ತದೆ. ಸಾಮಾನ್ಯವಾಗಿ ಐದರಿಂದ ಒಂಬತ್ತು ಸದಸ್ಯರು. ಬಹುಪಾಲು ಕಡೆಗಳಲ್ಲಿ ಇವರನ್ನು ಆ ಪ್ರದೇಶದ ಮತದಾರರೆಲ್ಲರೂ ನೇರವಾಗಿ ಚುನಾಯಿಸುತ್ತಾರೆ. ಮಕ್ಕಳಿರುವವರಿಗೆ ಒಂದು ಮತ, ಮಕ್ಕಳಿಲ್ಲದವರಿಗೂ ಒಂದು ಮತ. ಹೆಚ್ಚಿನ ಮತಪತ್ರಗಳಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಸಂಬಳ ಇಲ್ಲವೇ ಇಲ್ಲ, ಅಥವಾ ನಾಮಮಾತ್ರದ ಗೌರವಧನ. ಇಂತಹ ಸದಸ್ಯರು ದೇಶದಾದ್ಯಂತ ಸುಮಾರು 90 ಸಾವಿರ ಮಂದಿ ಇರುವರೆಂದು ಲೆಕ್ಕ. ಆ ದೇಶದ ಚುನಾಯಿತ ಪ್ರತಿನಿಧಿಗಳಲ್ಲಿ ಇವರದೇ ಒಂದು ದೊಡ್ಡ ಸಮುದಾಯ.

ಮಂಡಳಿಯ ಕೆಲಸಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಸೂಪರಿಂಟೆಂಡೆಂಟ್ ಎಂಬ ಶಿಕ್ಷಣಾಧಿಕಾರಿಯನ್ನು ನೇಮಿಸುವುದು ಮತ್ತು ಬೇಡವೆನಿಸಿದರೆ ತೆಗೆದುಹಾಕುವುದು. ಎರಡನೆಯದು, ವಾರ್ಷಿಕ ಮುಂಗಡಪತ್ರಕ್ಕೆ ಒಪ್ಪಿಗೆ ಕೊಡುವುದು. ಮೂರನೆಯದು, ರಾಜ್ಯದ ನಿಯಮಗಳ ಚೌಕಟ್ಟಿನೊಳಗೆ ಪಠ್ಯಪುಸ್ತಕ, ರಜೆ, ಶಿಸ್ತು, ಬಸ್ಸು, ಊಟ ಮುಂತಾದವುಗಳ ನೀತಿ ರೂಪಿಸುವುದು. ನಾಲ್ಕನೆಯದು, ಶಿಕ್ಷಕರ ಸಂಬಳ ಸವಲತ್ತುಗಳ ಒಪ್ಪಂದವನ್ನು ಮಂಜೂರು ಮಾಡುವುದು.

ಇವೆಲ್ಲದರ ಹಿಂದೆ ಹಣದ ಪ್ರಶ್ನೆಯಿದೆ. ಶಾಲೆಗಳ ಖರ್ಚಿನಲ್ಲಿ ಒಕ್ಕೂಟ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದರ ಆಸುಪಾಸು. ಉಳಿದದ್ದರಲ್ಲಿ ಸರಿಸುಮಾರು ಅರ್ಧ ರಾಜ್ಯದಿಂದ, ಅರ್ಧ ಊರಿನಿಂದ ಬರುತ್ತದೆ. ಊರಿನ ಪಾಲೆಂದರೆ ಬಹುಮಟ್ಟಿಗೆ ಮನೆ, ಜಮೀನುಗಳ ಮೇಲಿನ ಆಸ್ತಿ ತೆರಿಗೆ. ಹಲವು ರಾಜ್ಯಗಳಲ್ಲಿ ಹೊಸ ಕಟ್ಟಡಕ್ಕೋ ಹೆಚ್ಚುವರಿ ವೆಚ್ಚಕ್ಕೋ ಹಣ ಬೇಕಾದರೆ ಮಂಡಳಿಯು ಜನರ ಮುಂದೆ ಪ್ರಸ್ತಾವವಿಟ್ಟು ನೇರ ಮತದಾನದಿಂದ ಒಪ್ಪಿಗೆ ಪಡೆಯಬೇಕು. ಊರಿನ ಶಾಲೆಗೆ ಹಣ ಸಾಲದೆಂದಾಗ ‘ಸರ್ಕಾರ ಕೊಡಲಿಲ್ಲ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲು ಅಲ್ಲಿನ ಮತದಾರನಿಗೆ ಅವಕಾಶವಿಲ್ಲ. ಕೊಡಬೇಕೇ ಬೇಡವೇ ಎಂಬುದನ್ನು ಅವನೂ ತೀರ್ಮಾನಿಸಿರುತ್ತಾನೆ.

ಕಲಿಸುವವರು ಮಂಡಳಿಗೆ ಬಂದಾಗ

ಇಂತಹ ಮಂಡಳಿಗೆ ಅನುಭವಿ ಶಿಕ್ಷಕರು ಬಂದರೆ ಒಳ್ಳೆಯದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಇಲ್ಲಿ ಎರಡು ಸೂಕ್ಷ್ಮಗಳಿವೆ.

ಒಂದು, ತಾವು ಕೆಲಸ ಮಾಡುತ್ತಿರುವ ಜಿಲ್ಲೆಯ ಮಂಡಳಿಯಲ್ಲೇ ಶಿಕ್ಷಕರು ಕೂರುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ತನ್ನ ಸಂಬಳವನ್ನು ತಾನೇ ಮಂಜೂರು ಮಾಡಿಕೊಳ್ಳುವುದು ಹಿತಾಸಕ್ತಿಗಳ ಘರ್ಷಣೆ. ಆದ್ದರಿಂದ ನಿವೃತ್ತರಾದವರು ಅಥವಾ ಪಕ್ಕದ ಜಿಲ್ಲೆಯಲ್ಲಿ ಪಾಠ ಹೇಳುವವರು ತಾವು ವಾಸಿಸುವ ಊರಿನ ಮಂಡಳಿಗೆ ಸ್ಪರ್ಧಿಸುತ್ತಾರೆ.

ಎರಡನೆಯದು ಇನ್ನೂ ಮುಖ್ಯವಾದುದು. ತರಗತಿಯಲ್ಲಿ ಶಿಕ್ಷಕನ ಮಾತೇ ಕೊನೆಯ ಮಾತು. ಮಂಡಳಿಯಲ್ಲಿ ಹಾಗಲ್ಲ. ಏಳು ಸದಸ್ಯರಲ್ಲಿ ಒಬ್ಬನಿಗೆ ಇರುವುದು ಏಳರಲ್ಲಿ ಒಂದು ಮತ ಮಾತ್ರ. ಸಭೆಯ ಹೊರಗೆ ಅವನಿಗೆ ಯಾವ ಅಧಿಕಾರವೂ ಇಲ್ಲ. ಶಾಲೆಗೆ ನಡೆದುಹೋಗಿ ಒಬ್ಬ ಶಿಕ್ಷಕನಿಗೆ ‘ಹೀಗೆ ಪಾಠ ಮಾಡಿ’ ಎಂದು ಆಜ್ಞೆ ಮಾಡುವಂತಿಲ್ಲ. ಮೂವತ್ತು ವರ್ಷ ಶಾಲೆಯನ್ನು ಒಳಗಿನಿಂದ ಬಲ್ಲವನಿಗೆ ಈ ಸಂಯಮ ಸುಲಭವಲ್ಲ. ನೀತಿ ಮಂಡಳಿಯದು, ನಿರ್ವಹಣೆ ಅಧಿಕಾರಿಯದು ಎಂಬ ಗೆರೆಯನ್ನು ಹಳೆಯ ಮುಖ್ಯೋಪಾಧ್ಯಾಯರೇ ಮೊದಲು ದಾಟುವ ಅಪಾಯವಿರುತ್ತದೆ.

ಮಂಡಳಿಯ ಸಭೆಗಳು ಕಾನೂನಿನಂತೆ ಬಹಿರಂಗವಾಗಿ ನಡೆಯಬೇಕು. ಸಂಜೆಯ ಹೊತ್ತು, ಊರಿನವರು ಕೆಲಸ ಮುಗಿಸಿ ಬರಲು ಅನುಕೂಲವಾಗುವಂತೆ ಸೇರುವುದು ರೂಢಿ. ಬಹಳಷ್ಟು ಕಡೆ ಸಾರ್ವಜನಿಕರಿಗೆ ಎರಡು ಮೂರು ನಿಮಿಷ ಮಾತನಾಡುವ ಅವಕಾಶವೂ ಉಂಟು. ಬಸ್ಸು ತಡವಾಗಿ ಬಂತೆಂಬ ದೂರಿನಿಂದ ಹಿಡಿದು ಗ್ರಂಥಾಲಯದ ಪುಸ್ತಕದ ವರೆಗೆ ಎಲ್ಲವೂ ಅಲ್ಲಿ ಬರುತ್ತದೆ. 2020ರ ಕೊರೊನಾ ಪಿಡುಗಿನ ನಂತರ ಶಾಲೆ ತೆರೆಯುವುದು, ಮುಖಗವಸು, ಇತಿಹಾಸದ ಪಾಠ, ಪುಸ್ತಕಗಳ ಆಯ್ಕೆ ಮುಂತಾದ ವಿಷಯಗಳಲ್ಲಿ ಈ ಸಭೆಗಳು ಎಷ್ಟೋ ಊರುಗಳಲ್ಲಿ ಕಾದಾಟದ ಕಣಗಳಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಬಾಲವಾಡಿಯ ಶಿಕ್ಷಕಿಯ ದಾರಿ

ಶಾಲಾ ಮಂಡಳಿಯಿಂದ ರಾಜ್ಯದ ಶಾಸನಸಭೆಗೆ, ಅಲ್ಲಿಂದ ಮುಂದಕ್ಕೆ ಹೋದವರ ಪೈಕಿ ಎದ್ದುಕಾಣುವ ಹೆಸರು ವಾಷಿಂಗ್ಟನ್ ರಾಜ್ಯದ ಪ್ಯಾಟಿ ಮರ್ರಿ ಅವರದು. 1950ರಲ್ಲಿ ಹುಟ್ಟಿದ ಅವರು ಸಿಯಾಟಲ್ ನಗರದ ಉತ್ತರಕ್ಕಿರುವ ಶೋರ್‌ಲೈನ್ ಎಂಬಲ್ಲಿ ಶಾಲಾಪೂರ್ವ ತರಗತಿಯ ಶಿಕ್ಷಕಿಯಾಗಿದ್ದರು. ಅನಂತರ ಅಲ್ಲಿನ ಸಮುದಾಯ ಕಾಲೇಜಿನಲ್ಲಿ ತಂದೆತಾಯಿಗಳಿಗೆ ಮಕ್ಕಳ ಪಾಲನೆಯ ಪಾಠ ಹೇಳುತ್ತಿದ್ದರು. 1980ರ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರವು ಇಂತಹ ಶಾಲಾಪೂರ್ವ ಕಾರ್ಯಕ್ರಮಗಳ ಅನುದಾನವನ್ನು ಕಡಿತ ಮಾಡಲು ಹೊರಟಿತು. ಮರ್ರಿ ತಮ್ಮ ಇಬ್ಬರು ಪುಟ್ಟ ಮಕ್ಕಳನ್ನೂ ಕರೆದುಕೊಂಡು ರಾಜಧಾನಿ ಒಲಿಂಪಿಯಾಕ್ಕೆ ಹೋದರು. ಅಲ್ಲಿ ಶಾಸಕರೊಬ್ಬರು, ಟೆನ್ನಿಸ್ ಬೂಟು ತೊಟ್ಟ ಒಬ್ಬ ತಾಯಿಯಿಂದ ಏನಾಗುತ್ತದೆ ಎಂಬರ್ಥದ ಮಾತಾಡಿ ಅವರನ್ನು ಹಗುರವಾಗಿ ಕಂಡರು.

ಆ ಮಾತನ್ನು ಅವರು ಮರೆಯಲಿಲ್ಲ. ಊರಿಗೆ ಮರಳಿ ದೂರವಾಣಿಯಲ್ಲಿ ಒಬ್ಬೊಬ್ಬ ಪಾಲಕರನ್ನೂ ಮಾತನಾಡಿಸಿ, ಸಾವಿರಾರು ಜನರ ಸಂಘಟನೆ ಕಟ್ಟಿ, ಆ ಅನುದಾನವನ್ನು ಉಳಿಸಿಕೊಂಡರು. ಅದೇ ದಶಕದಲ್ಲಿ ಶೋರ್‌ಲೈನ್ ಶಾಲಾ ಮಂಡಳಿಯ ಸದಸ್ಯೆಯಾದರು. 1988ರಲ್ಲಿ ರಾಜ್ಯ ಸೆನೆಟ್ಟಿಗೆ ಸ್ಪರ್ಧಿಸಿ ಹಾಲಿ ಸದಸ್ಯರನ್ನೇ ಸೋಲಿಸಿದರು. 1992ರಲ್ಲಿ ರಾಷ್ಟ್ರೀಯ ಸೆನೆಟ್ಟಿಗೆ ಆಯ್ಕೆಯಾದರು. ಅಣಕದ ಆ ಟೆನ್ನಿಸ್ ಬೂಟು ಅವರ ಚುನಾವಣೆಯ ಗುರುತೇ ಆಗಿಹೋಯಿತು. 2015ರಲ್ಲಿ ಹಳೆಯ ರಾಷ್ಟ್ರೀಯ ಶಿಕ್ಷಣ ಕಾನೂನಿನ ಜಾಗದಲ್ಲಿ ಬಂದ ಹೊಸ ಕಾಯಿದೆಯನ್ನು ಎದುರು ಪಕ್ಷದ ಲಮಾರ್ ಅಲೆಗ್ಸಾಂಡರ್ ಅವರೊಡನೆ ಕೂಡಿ ರೂಪಿಸಿದವರು ಇವರೇ. 2023ರ ಜನವರಿಯಿಂದ 2025ರ ಜನವರಿಯ ವರೆಗೆ ಸೆನೆಟ್ಟಿನ ಹಂಗಾಮಿ ಅಧ್ಯಕ್ಷ ಪದವಿಯಲ್ಲಿದ್ದ ಅವರು ಆ ಸ್ಥಾನಕ್ಕೇರಿದ ಮೊದಲ ಮಹಿಳೆ.

ಈ ಕಥೆಯಲ್ಲಿ ನಮ್ಮ ಗಮನ ಸೆಳೆಯುವುದು ಕೊನೆಯ ಪದವಿಯಲ್ಲ, ಮೊದಲ ಮೆಟ್ಟಿಲು. ಬೀದಿಗಿಳಿದು ಅನುದಾನ ಉಳಿಸಿದ ಶಿಕ್ಷಕಿಗೆ ಮರುದಿನ ಕೂರಲು ಊರಿನಲ್ಲೇ ಒಂದು ಕುರ್ಚಿ ಇತ್ತು. ಮುಂಗಡಪತ್ರ ಓದುವುದನ್ನೂ, ಒಪ್ಪದವರೊಡನೆ ಕುಳಿತು ತೀರ್ಮಾನಕ್ಕೆ ಬರುವುದನ್ನೂ ಅಭ್ಯಾಸ ಮಾಡಲು ಅದು ಸ್ಥಳವಾಯಿತು. ಚಳವಳಿಯ ಉತ್ಸಾಹ ಆಡಳಿತದ ತಿಳಿವಳಿಕೆಯಾಗಿ ಮಾಗಲು ಇಂತಹ ಸ್ಥಳ ಬೇಕು.

ಮೂರನೆಯ ಪ್ರಯತ್ನದಲ್ಲಿ ಗೆದ್ದ ಮುಖ್ಯೋಪಾಧ್ಯಾಯರು

ಅಮೆರಿಕದ 12 ರಾಜ್ಯಗಳಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರನ್ನು ಜನರೇ ಚುನಾಯಿಸುತ್ತಾರೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಜಾರ್ಜಿಯಾ, ಅರಿಜೋನಾ, ವಿಸ್ಕಾನ್ಸಿನ್ ಇವುಗಳಲ್ಲಿ ಸೇರಿವೆ. ನಮ್ಮ ಕಲ್ಪನೆಗೆ ಬರಬೇಕಾದರೆ, ರಾಜ್ಯದ ಶಿಕ್ಷಣ ಮಂತ್ರಿಯನ್ನು ಮುಖ್ಯಮಂತ್ರಿ ಆರಿಸದೆ ಎಲ್ಲ ಮತದಾರರೂ ಬೇರೆಯೇ ಮತಪತ್ರದಲ್ಲಿ ಆರಿಸಿದಂತೆ. ವೃತ್ತಿಜೀವನವನ್ನೆಲ್ಲ ಶಾಲೆಗಳಲ್ಲಿ ಕಳೆದವರಿಗೆ ಇದು ಸಹಜವಾದ ಗುರಿ.

ವಿಸ್ಕಾನ್ಸಿನ್ ರಾಜ್ಯದ ಟೋನಿ ಎವರ್ಸ್ ಇದಕ್ಕೆ ಉತ್ತಮ ನಿದರ್ಶನ. 1951ರಲ್ಲಿ ಪ್ಲಿಮತ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅವರು ಮ್ಯಾಡಿಸನ್ನಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವರೆಗೆ ಓದಿ, ಶಿಕ್ಷಕ, ಮುಖ್ಯೋಪಾಧ್ಯಾಯ, ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದವರು. ರಾಜ್ಯದ ಶಿಕ್ಷಣ ಮುಖ್ಯಸ್ಥರ ಸ್ಥಾನಕ್ಕೆ 1993ರಲ್ಲಿ ಸ್ಪರ್ಧಿಸಿ ಸೋತರು. 2001ರಲ್ಲಿ ಮತ್ತೆ ಸೋತರು. ಎರಡನೆಯ ಬಾರಿ ಗೆದ್ದ ಎಲಿಜಬೆತ್ ಬರ್ಮಾಸ್ಟರ್ ಅವರು ಸೋತ ಎವರ್ಸ್ ಅವರನ್ನೇ ತಮ್ಮ ಉಪಮುಖ್ಯಸ್ಥರನ್ನಾಗಿ ನೇಮಿಸಿಕೊಂಡದ್ದು ಎರಡೂ ಕಡೆಯ ದೊಡ್ಡತನ. ಎಂಟು ವರ್ಷ ಎರಡನೆಯ ಸ್ಥಾನದಲ್ಲಿ ದುಡಿದ ಎವರ್ಸ್ 2009ರಲ್ಲಿ ಮೂರನೆಯ ಪ್ರಯತ್ನದಲ್ಲಿ ಗೆದ್ದು, 2013 ಮತ್ತು 2017ರಲ್ಲಿ ಪುನರಾಯ್ಕೆಯಾದರು.

ಆ ವೇಳೆಗೆ ರಾಜ್ಯದ ರಾಜಕೀಯ ಕಾವೇರಿತ್ತು. 2011ರಲ್ಲಿ ಅಂದಿನ ಗವರ್ನರ್ ಸ್ಕಾಟ್ ವಾಕರ್ ತಂದ ಕಾನೂನು ಶಿಕ್ಷಕರೂ ಸೇರಿದಂತೆ ಬಹುಪಾಲು ಸಾರ್ವಜನಿಕ ನೌಕರರ ಸಂಘಟಿತ ಚೌಕಾಸಿಯ ಹಕ್ಕನ್ನು ತೀವ್ರವಾಗಿ ಮೊಟಕುಗೊಳಿಸಿತ್ತು. 2018ರಲ್ಲಿ ಎವರ್ಸ್ ಗವರ್ನರ್ ಹುದ್ದೆಗೇ ಸ್ಪರ್ಧಿಸಿ, 26 ಲಕ್ಷಕ್ಕೂ ಮಿಕ್ಕಿದ ಮತಗಳಲ್ಲಿ 30 ಸಾವಿರಕ್ಕಿಂತ ಕಡಿಮೆ ಅಂತರದಿಂದ ವಾಕರ್ ಅವರನ್ನು ಸೋಲಿಸಿದರು. 2022ರಲ್ಲಿ ಮತ್ತೆ ಗೆದ್ದರು. 2026ರಲ್ಲಿ ಮೂರನೆಯ ಅವಧಿಗೆ ಸ್ಪರ್ಧಿಸುವುದಿಲ್ಲವೆಂದು 2025ರ ಜುಲೈಯಲ್ಲಿ ಪ್ರಕಟಿಸಿದರು.

ಎವರ್ಸ್ ಅವರ ಎದುರಿಗೆ ಅವಧಿಯುದ್ದಕ್ಕೂ ಇದ್ದದ್ದು ವಿರೋಧ ಪಕ್ಷದ ಬಹುಮತವಿದ್ದ ಶಾಸಕಾಂಗ. ಇಂತಹ ಸ್ಥಿತಿಯಲ್ಲಿ 2023ರಲ್ಲಿ ನಡೆದ ಒಂದು ಘಟನೆ ಸ್ವಾರಸ್ಯಕರ. ಆ ರಾಜ್ಯದಲ್ಲಿ ಶಾಲಾ ಜಿಲ್ಲೆಗಳು ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಎಷ್ಟು ಆದಾಯ ಸಂಗ್ರಹಿಸಬಹುದೆಂಬುದಕ್ಕೆ ಮಿತಿಯಿದೆ. ಆ ಮಿತಿಯನ್ನು ವರ್ಷಕ್ಕೆ 325 ಡಾಲರಿನಂತೆ ‘2024-25’ನೆಯ ಸಾಲಿನ ವರೆಗೆ ಏರಿಸುವ ಮಸೂದೆ ಸಹಿಗೆ ಬಂತು. ಮಸೂದೆಯ ಭಾಗಗಳನ್ನು ಹೊಡೆದುಹಾಕುವ ವಿಶೇಷ ಅಧಿಕಾರ ಅಲ್ಲಿನ ಗವರ್ನರಿಗೆ ಉಂಟು. ಎವರ್ಸ್ ಆ ಅಂಕಿಗಳಲ್ಲಿ 20 ಎಂಬುದನ್ನೂ ಅಡ್ಡಗೆರೆಯನ್ನೂ ಹೊಡೆದರು. ಉಳಿದದ್ದು 2425! ಎರಡು ವರ್ಷದ ಏರಿಕೆ ನಾನೂರು ವರ್ಷದ್ದಾಯಿತು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಾಲ್ಕು-ಮೂರರ ಬಹುಮತದಿಂದ ಇದನ್ನು ಎತ್ತಿಹಿಡಿಯಿತು.

ಕೆಲವರಿಗೆ ಇದು ಮುಖ್ಯೋಪಾಧ್ಯಾಯರ ಕೆಂಪು ಶಾಯಿಯ ಜಾಣ್ಮೆ. ಕೆಲವರಿಗೆ ಶಾಸಕಾಂಗದ ಆಶಯಕ್ಕೆ ಎಸಗಿದ ಅಪಚಾರ. ಒಂದು ಮಾತಂತೂ ನಿಜ. ಏರಿದ್ದು ಮಿತಿಯೇ ಹೊರತು ರಾಜ್ಯದ ಬೊಕ್ಕಸದ ಅನುದಾನವಲ್ಲ. ಅನುದಾನ ಜೊತೆಗೆ ಬಾರದಿದ್ದರೆ ಆ ಹಣ ಊರಿನ ಆಸ್ತಿ ತೆರಿಗೆಯಿಂದಲೇ ಬರಬೇಕು. ಶಾಲೆಯನ್ನು ಚೆನ್ನಾಗಿ ಬಲ್ಲವರು ಅಧಿಕಾರಕ್ಕೆ ಬಂದರೂ, ಲೆಕ್ಕ ಕೊನೆಗೆ ಯಾರದಾದರೂ ಜೇಬಿಗೆ ಹೋಗಿ ಮುಟ್ಟುತ್ತದೆ.

ಒಂದೇ ಅವಧಿಯ ಗಣಿತದ ಮೇಷ್ಟ್ರು

ಎಲ್ಲರ ದಾರಿಯೂ ಇಷ್ಟು ದೂರ ಹೋಗುವುದಿಲ್ಲ. 2018ರ ವಸಂತದಲ್ಲಿ ವೆಸ್ಟ್ ವರ್ಜೀನಿಯಾ, ಒಕ್ಲಹೋಮ, ಕೆಂಟಕಿ, ಅರಿಜೋನಾ ರಾಜ್ಯಗಳ ಶಿಕ್ಷಕರು ಸಂಬಳ ಮತ್ತು ಶಾಲಾ ಅನುದಾನಕ್ಕಾಗಿ ಬೀದಿಗಿಳಿದರು. ಕೆಂಟಕಿಯಲ್ಲಿ ಕಿಡಿ ಹೊತ್ತಿಸಿದ್ದು ನಿವೃತ್ತಿವೇತನದ ವಿಷಯ. ಒಳಚರಂಡಿ ಕುರಿತ ಮಸೂದೆಯೊಂದರ ಒಡಲನ್ನು ಬರಿದುಮಾಡಿ, ಅದರೊಳಗೆ ನಿವೃತ್ತಿವೇತನದ ಬದಲಾವಣೆಗಳನ್ನು ತುರುಕಿ ಕೆಲವೇ ಗಂಟೆಗಳಲ್ಲಿ ಅಂಗೀಕರಿಸಲಾಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಟ್ರಾವಿಸ್ ಬ್ರೆಂಡಾ ಎಂಬ ಪ್ರೌಢಶಾಲೆಯ ಗಣಿತ ಶಿಕ್ಷಕರು ತಮ್ಮದೇ ಪಕ್ಷದ ಒಳಚುನಾವಣೆಯಲ್ಲಿ, ಆ ಮಸೂದೆಯ ರೂವಾರಿಗಳಲ್ಲೊಬ್ಬರಾಗಿದ್ದ ಸದನದ ಬಹುಮತದ ನಾಯಕರನ್ನೇ 123 ಮತಗಳಿಂದ ಸೋಲಿಸಿ ದೇಶವನ್ನು ಬೆರಗುಗೊಳಿಸಿದರು. ಡಿಸೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಆ ಕಾನೂನನ್ನು ಕ್ರಮಬದ್ಧವಾಗಿ ಅಂಗೀಕರಿಸಿಲ್ಲವೆಂಬ ಕಾರಣಕ್ಕೆ ರದ್ದುಪಡಿಸಿತು. ಎರಡು ವರ್ಷದ ಬಳಿಕ, 2020ರ ಒಳಚುನಾವಣೆಯಲ್ಲಿ, ಬ್ರೆಂಡಾ ಅವರೇ ಸೋತರು.

ಒಂದು ಅನ್ಯಾಯದ ವಿರುದ್ಧ ಎದ್ದ ಸಿಟ್ಟು ಒಂದು ಚುನಾವಣೆಯನ್ನು ಗೆಲ್ಲಿಸಬಲ್ಲದು. ಎರಡನೆಯದನ್ನು ಗೆಲ್ಲಲು ಬೇರೆಯೇ ಬಂಡವಾಳ ಬೇಕು.

ಈ ವ್ಯವಸ್ಥೆಯ ದೋಷಗಳು

ಅಮೆರಿಕದ ಪದ್ಧತಿಯನ್ನು ನಾವು ಆದರ್ಶವೆಂದು ಹೊಗಳಲು ಹೊರಟಿಲ್ಲ. ಆಸ್ತಿ ತೆರಿಗೆಯನ್ನು ನೆಚ್ಚಿರುವುದರಿಂದ ಸಿರಿವಂತರ ಬಡಾವಣೆಯ ಶಾಲೆ ಮತ್ತು ಬಡವರ ಬಡಾವಣೆಯ ಶಾಲೆಗಳ ನಡುವಿನ ಅಂತರ ಅಲ್ಲಿನ ಹಳೆಯ ಗಾಯ. ಮಂಡಳಿಯ ಚುನಾವಣೆಗಳು ದೊಡ್ಡ ಚುನಾವಣೆಗಳ ದಿನ ನಡೆಯದಿದ್ದರೆ ಮತ ಹಾಕಲು ಬರುವವರು ಅತಿ ಕಡಿಮೆ. ಬಂದವರಲ್ಲಿ ಶಿಕ್ಷಕರು ಮತ್ತು ಅವರ ಬಂಧುಮಿತ್ರರ ಪ್ರಮಾಣ ಹೆಚ್ಚಿರುತ್ತದೆ. ಶಿಕ್ಷಕರ ಸಂಘಗಳ ಬೆಂಬಲದಿಂದ ಗೆದ್ದವರೇ ಅನಂತರ ಅದೇ ಸಂಘಗಳೊಡನೆ ಸಂಬಳದ ಮಾತುಕತೆಗೆ ಕೂರುವುದು ಎಷ್ಟು ಸರಿ ಎಂದು ಟೀಕಾಕಾರರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಶಿಕ್ಷಕನಾಗಿದ್ದವನು ಮಂಡಳಿಗೆ ಬಂದಾಗ ಅವನು ಶಿಕ್ಷಕರ ಪ್ರತಿನಿಧಿಯೋ ಮಕ್ಕಳ ಪ್ರತಿನಿಧಿಯೋ ಎಂಬುದೇ ಇದರ ತಿರುಳು.

ಆದರೂ ಅಲ್ಲಿನ ವ್ಯವಸ್ಥೆ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದೆ. ಅವನನ್ನು ಆರಿಸುವವರು ಶಿಕ್ಷಕರು ಮಾತ್ರವಲ್ಲ, ಊರಿನವರೆಲ್ಲ. ಆದ್ದರಿಂದ ಅವನು ಊರಿಗೆಲ್ಲ ಉತ್ತರ ಹೇಳಬೇಕು.

ನಮ್ಮಲ್ಲಿ ಹೇಗಿದೆ?

‘ಸ್ಕೂಲ್ ಬೋರ್ಡ್’ ಎಂಬ ಪದ ನಮಗೂ ಹೊಸತಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯು ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಶಾಲಾ ಮಂಡಳಿಗಳಿಗೆ ವಹಿಸಿತ್ತು. ಆ ಭಾಗದ ಹಿರಿಯರ ಬಾಯಲ್ಲಿ ಈ ಪದ ಬಹಳ ಕಾಲ ಉಳಿದಿತ್ತು. ಮುಂದೆ 1947ರ ಕಾಯಿದೆ ಬಂದು ಸರ್ಕಾರದ ಹಿಡಿತ ಹೆಚ್ಚಿತು. ಶಾಲೆಯ ಆಡಳಿತಕ್ಕೆಂದೇ ಊರಿನವರೆಲ್ಲ ಮತ ಹಾಕುವ ಪದ್ಧತಿ ನಮ್ಮಲ್ಲಿ ಬೇರು ಬಿಡಲಿಲ್ಲ.

ಅದರ ಬದಲು ನಮ್ಮ ಸಂವಿಧಾನ ಶಿಕ್ಷಕರಿಗೆ ಬೇರೊಂದು ಬಾಗಿಲು ತೆರೆಯಿತು. 171ನೆಯ ವಿಧಿಯಂತೆ, ವಿಧಾನ ಪರಿಷತ್ತು ಇರುವ ರಾಜ್ಯಗಳಲ್ಲಿ ಅದರ ಹನ್ನೆರಡರಲ್ಲಿ ಒಂದು ಪಾಲಿನ ಸ್ಥಾನಗಳನ್ನು ಶಿಕ್ಷಕರ ಕ್ಷೇತ್ರಗಳಿಂದ ತುಂಬಬೇಕು. ಕನಿಷ್ಠ ಮೂರು ವರ್ಷ ಬೋಧಿಸಿದ, ಮಾಧ್ಯಮಿಕ ಶಾಲೆಗಿಂತ ಕೆಳಗಿನದಲ್ಲದ ಸಂಸ್ಥೆಗಳ ಶಿಕ್ಷಕರು ಮಾತ್ರ ಅಲ್ಲಿ ಮತದಾರರು. ಕರ್ನಾಟಕದಲ್ಲಿ 75 ಸ್ಥಾನಗಳಲ್ಲಿ 7, ಮಹಾರಾಷ್ಟ್ರದಲ್ಲಿ 78ರಲ್ಲಿ 7 ಶಿಕ್ಷಕರ ಕ್ಷೇತ್ರಗಳಿವೆ. ಆದುದರಿಂದ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಪಾಠ ಹೇಳುವ ಕನ್ನಡಿಗ ಪ್ರೌಢಶಾಲಾ ಶಿಕ್ಷಕರಿಗೆ ಈ ಮತವುಂಟು. 1986ರಲ್ಲಿ ವಿಧಾನ ಪರಿಷತ್ತನ್ನು ರದ್ದುಮಾಡಿದ ತಮಿಳುನಾಡಿನಲ್ಲಾಗಲಿ ಪರಿಷತ್ತೇ ಇಲ್ಲದ ದೆಹಲಿಯಲ್ಲಾಗಲಿ ಅದಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಎಲ್ಲಿಯೂ ಇಲ್ಲ.

ಈ ದಾರಿಯಲ್ಲಿ ಬಹುದೂರ ನಡೆದ ಕನ್ನಡಿಗರೆಂದರೆ ಬಸವರಾಜ ಹೊರಟ್ಟಿ ಅವರು. ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಅವರು 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದು, 2022ರಲ್ಲಿ ಸತತ ಎಂಟನೆಯ ಬಾರಿಗೆ ಆಯ್ಕೆಯಾದರು. ಶಿಕ್ಷಣ ಸಚಿವರೂ ಪರಿಷತ್ತಿನ ಸಭಾಪತಿಗಳೂ ಆದರು.

ಈ ವ್ಯವಸ್ಥೆಗೂ ಮಿತಿಗಳಿವೆ. ಮದರಾಸಿನ ಪದವೀಧರರ ಕ್ಷೇತ್ರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ, ಪದವೀಧರರ ಕ್ಷೇತ್ರದ ಅಭ್ಯರ್ಥಿ ಸ್ವತಃ ಪದವೀಧರನಾಗಿರಬೇಕಿಲ್ಲ ಎಂದು ತೀರ್ಪಿತ್ತಿತು. ಶಿಕ್ಷಕರ ಕ್ಷೇತ್ರದ ಮಟ್ಟಿಗೂ ಶಿಕ್ಷಕನಾಗಿರಲೇಬೇಕೆಂಬ ನಿಯಮವಿಲ್ಲ. ಅದಕ್ಕಿಂತ ಮುಖ್ಯವಾಗಿ, ಶಿಕ್ಷಕರಷ್ಟೇ ಆರಿಸಿದ ಪ್ರತಿನಿಧಿ ವೇತನ, ಬಡ್ತಿ, ಪಿಂಚಣಿಗಳ ಅಹವಾಲನ್ನೇ ಮೊದಲು ಹೊರಬೇಕಾಗುತ್ತದೆ. ಅದು ನ್ಯಾಯವೇ. ಆದರೆ ಒಂದು ಶಾಲೆಯ ಹಾಜರಿ ಪಟ್ಟಿಯಲ್ಲಿ ಹೆಸರುಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದರೆ, ಅದನ್ನು ಕೇಳಬೇಕಾದ ಪಾಲಕನಿಗೂ ಊರಿನವನಿಗೂ ಆ ಮತಪೆಟ್ಟಿಗೆಯಲ್ಲಿ ಜಾಗವಿಲ್ಲ.

ನಮ್ಮ ಶಾಲಾ ಮಂಡಳಿ ಎಲ್ಲಿದೆ?

ಹಾಗಾದರೆ ಹೊರನಾಡ ಕನ್ನಡಿಗರಿಗೆ ಶಾಲಾ ಮಂಡಳಿಯೇ ಇಲ್ಲವೇ? ಇದೆ ಎಂಬುದು ನಮ್ಮ ಅಭಿಪ್ರಾಯ.

2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನಂತೆ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ವ್ಯವಸ್ಥಾಪನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಆದರೆ 2012ರ ತಿದ್ದುಪಡಿಯು ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಲ್ಲಿ ಈ ಸಮಿತಿಯ ಕೆಲಸವನ್ನು ಸಲಹೆ ಕೊಡುವುದಕ್ಕಷ್ಟೇ ಸೀಮಿತಗೊಳಿಸಿತು. ಕರ್ನಾಟಕದ ಹೊರಗೆ ನಾವು ಭಾಷಾ ಅಲ್ಪಸಂಖ್ಯಾತರು. ನಮ್ಮಿಷ್ಟದ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ನಮಗೆ ಕೊಟ್ಟಿದೆ. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಾಗಲಿ, ಪುಣೆಯ ಕನ್ನಡ ಸಂಘವಾಗಲಿ, ದೆಹಲಿಯ ಕನ್ನಡ ಶಾಲೆಯಾಗಲಿ ಹುಟ್ಟಿದ್ದು ಕನ್ನಡಿಗರ ಸ್ವಂತ ಸಾಹಸದಿಂದ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಓದುವ ಹುಡುಗರಿಗಾಗಿ ಮುಂಬಯಿಯಲ್ಲಿ ತೆರೆದ ಕನ್ನಡದ ರಾತ್ರಿ ಶಾಲೆಗಳೂ ಹಾಗೆಯೇ.

ಎಂದರೆ, ಹೊರನಾಡಿನ ಹಲವು ಕನ್ನಡ ಶಾಲೆಗಳ ಮಟ್ಟಿಗೆ ಸೂಪರಿಂಟೆಂಡೆಂಟನನ್ನು ನೇಮಿಸುವ, ಮುಂಗಡಪತ್ರ ಒಪ್ಪುವ, ಕನ್ನಡ ಮಾಧ್ಯಮದ ತರಗತಿಯನ್ನು ಮುಂದುವರಿಸಬೇಕೇ ಮುಚ್ಚಬೇಕೇ ಎಂದು ತೀರ್ಮಾನಿಸುವ ಆ ‘ಶಾಲಾ ಮಂಡಳಿ’ ಬೇರೆಲ್ಲೂ ಇಲ್ಲ. ಅದು ಆಯಾ ಸಂಘದ ಅಥವಾ ಶಿಕ್ಷಣ ಸಂಸ್ಥೆಯ ಆಡಳಿತ ಸಮಿತಿಯೇ. ಅದನ್ನು ಚುನಾಯಿಸುವ ಮತದಾರರು ವಾರ್ಷಿಕ ಮಹಾಸಭೆಗೆ ಬರುವ, ಅಥವಾ ಬಾರದೆ ಉಳಿಯುವ, ನಾವೇ. ಆ ಸಭೆಯಲ್ಲಿ ಲೆಕ್ಕಪತ್ರಕ್ಕೆ ಹತ್ತು ನಿಮಿಷ, ಸನ್ಮಾನಕ್ಕೆ ಒಂದು ಗಂಟೆ ಕಳೆಯುವುದು ಅನೇಕ ಕಡೆ ರೂಢಿಯಾಗಿಬಿಟ್ಟಿದೆ. ಕಾರ್ಯಕಾರಿ ಸಮಿತಿಗೆ ಉದ್ಯಮಿಗಳೂ ಲೆಕ್ಕಪರಿಶೋಧಕರೂ ನಿಲ್ಲುತ್ತಾರೆ, ಅವರು ಬೇಕು. ಆದರೆ ಅದೇ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದ ಶಿಕ್ಷಕಿಗೆ ನಾವು ನಿವೃತ್ತಿಯ ದಿನ ಶಾಲು, ಫಲತಾಂಬೂಲ ಕೊಟ್ಟು ಮನೆಗೆ ಕಳುಹಿಸುತ್ತೇವೆ. ಒಂದನೆಯ ತರಗತಿಗೆ ಮಕ್ಕಳು ಏಕೆ ಬರುತ್ತಿಲ್ಲ, ಬಂದವರು ಏಳನೆಯದಕ್ಕೆ ಏಕೆ ಬಿಟ್ಟು ಹೋಗುತ್ತಾರೆ, ಮನೆಯಲ್ಲಿ ತುಳುವನ್ನೋ ಮರಾಠಿಯನ್ನೋ ಆಡುವ ಮಗುವಿಗೆ ಕನ್ನಡದ ಅಕ್ಷರ ಹೇಗೆ ಕಲಿಸಬೇಕು ಎಂಬುದು ಅವರಿಗೆ ಗೊತ್ತಿದ್ದಷ್ಟು ಮತ್ತಾರಿಗೂ ಗೊತ್ತಿರಲಾರದು.

ಆದುದರಿಂದ ಮೂರು ವಿನಂತಿಗಳನ್ನು ಸವಿನಯವಾಗಿ ಮುಂದಿಡುತ್ತೇವೆ. ನಿವೃತ್ತ ಶಿಕ್ಷಕ ಶಿಕ್ಷಕಿಯರು ಸನ್ಮಾನದ ವೇದಿಕೆಯಿಂದ ಇಳಿದು ಸಂಘಗಳ ಚುನಾವಣೆಗೆ ನಾಮಪತ್ರ ಸಲ್ಲಿಸಲಿ. ಸೋತರೆ ಎವರ್ಸ್ ಅವರಂತೆ ಮತ್ತೆ ನಿಲ್ಲಲಿ. ಗೆದ್ದವರು ಬರ್ಮಾಸ್ಟರ್ ಅವರಂತೆ ಸೋತವರ ಅನುಭವವನ್ನು ಬಳಸಿಕೊಳ್ಳಲಿ. ಎರಡನೆಯದಾಗಿ, ಶಾಲೆ ನಡೆಸುವ ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಶಾಲೆಯ ವಿಷಯಕ್ಕೆಂದೇ ಬಹಿರಂಗ ಸಭೆ ಕರೆದು, ತರಗತಿವಾರು ಮಕ್ಕಳ ಸಂಖ್ಯೆಯನ್ನೂ ಖರ್ಚನ್ನೂ ಪಾಲಕರ ಮುಂದಿಡಲಿ. ಮೂರನೆಯದಾಗಿ, ಸದಸ್ಯರಾದ ನಾವು ಆ ಸಭೆಗೆ ಹೋಗೋಣ. ಶಾಲೆಯಲ್ಲಿ ನಮ್ಮ ಮಕ್ಕಳು ಇಲ್ಲದಿದ್ದರೂ ಹೋಗೋಣ.

ಶಿಕ್ಷಕರು ಚುನಾವಣೆಗೆ ನಿಂತ ಮಾತ್ರಕ್ಕೆ ಶಾಲೆಗಳು ಉದ್ಧಾರವಾಗುವುದಿಲ್ಲ. ಬ್ರೆಂಡಾ ಅವರ ಒಂದೇ ಅವಧಿ ಅದನ್ನು ಹೇಳುತ್ತದೆ. ಆದರೆ ಶಾಲೆಯನ್ನು ಬಲ್ಲವರು ಕೂರಲು ಒಂದು ಕುರ್ಚಿ, ಅವರನ್ನು ಕೇಳಲು ತೆರೆದ ಬಾಗಿಲು, ಕೇಳುವುದಕ್ಕೆ ಬರುವ ಜನ ಈ ಮೂರೂ ಸೇರಿದಲ್ಲಿ ಶಾಲೆ ಮುಚ್ಚುವ ತೀರ್ಮಾನ ಯಾರಿಗೂ ತಿಳಿಯದಂತೆ ಆಗುವುದಿಲ್ಲ. ಕುರ್ಚಿ ನಮ್ಮಲ್ಲಿ ಮೊದಲೇ ಇದೆ. ಮುಂದಿನ ಮಹಾಸಭೆಯ ಸೂಚನಾಪತ್ರ ಕೈಸೇರಿದಾಗ ಅದನ್ನು ಮಡಿಸಿ ಬದಿಗಿಡುವ ಮುನ್ನ ಬಂಧುಗಳು ಇದನ್ನೊಮ್ಮೆ ನೆನೆಯಬೇಕೆಂದು ಕೋರುತ್ತೇವೆ.